ಏಕಹಸ್ತ ಪಿಸ್ತೂಲು ನಿಲುವಿನ ಇತಿಹಾಸ

ಗುರಿಸ್ಪರ್ಧೆಯ ಪಿಸ್ತೂಲನ್ನು ಒಂದೇ ಕೈಯಲ್ಲಿ ಹಿಡಿಯತಕ್ಕದ್ದು, ಮಣಿಕಟ್ಟಿಗೆ ಯಾವ ಆಧಾರವೂ ಇರಕೂಡದು ಎಂಬುದು ಇಂದಿಗೂ ಅಂತರರಾಷ್ಟ್ರೀಯ ನಿಯಮ. ಎರಡು ಕೈಗಳ ಹಿಡಿತವು ಹೆಚ್ಚು ಸ್ಥಿರವೆಂಬುದು ಸ್ಪಷ್ಟವಾಗಿದ್ದರೂ ಈ ಕಟ್ಟಳೆ ಏಕೆ ಉಳಿದುಬಂದಿತು?

ಇದರ ಮೂಲವನ್ನು ಕುದುರೆಯ ಬೆನ್ನಿನ ಮೇಲೆ ಅರಸಬೇಕು. ಯುರೋಪಿನ ರಾವುತನ ಎಡಗೈಯಲ್ಲಿ ಲಗಾಮು. ಆಯುಧಕ್ಕೆ ಉಳಿದುದು ಬಲಗೈ ಒಂದೇ. ಮುಂದೆ ದ್ವಂದ್ವಯುದ್ಧದ ಪದ್ಧತಿಯೂ ಇದಕ್ಕೆ ಸೇರಿತು: ಎದುರಾಳಿಗೆ ಎದೆಯ ಅಗಲವನ್ನು ತೋರದೆ, ಪಕ್ಕಕ್ಕೆ ತಿರುಗಿ ನಿಂತು ತೋಳು ಚಾಚುವುದು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಪೊಲೀಸರೂ ಸೈನಿಕರೂ ಎರಡು ಕೈಗಳ ಹಿಡಿತಕ್ಕೆ ಒಲಿದರು. ಬಳಕೆಯು ಬಿಟ್ಟುದನ್ನು ಸ್ಪರ್ಧೆಯು ಉಳಿಸಿಕೊಂಡಿತು.

ಆದರೆ ಇದನ್ನು ಬರಿಯ ಕೈಯ ವಿದ್ಯೆಯೆಂದು ಭಾವಿಸಲಾಗದು. 10 ಮೀಟರಿನ ಗಾಳಿಪಿಸ್ತೂಲು ಸ್ಪರ್ಧೆಯಲ್ಲಿ ಹತ್ತು ಅಂಕದ ವೃತ್ತದ ವ್ಯಾಸ 11.5 ಮಿಲಿಮೀಟರು ಮಾತ್ರ. ಚಾಚಿದ ತೋಳಾದರೋ ಅಲುಗದೆ ಇರಲಾರದು. ಆದುದರಿಂದ ಗುರಿಕಾರನು ಪಾದಗಳಿಂದ ತೊಡಗುತ್ತಾನೆ. ಕಣ್ಣು ಮುಚ್ಚಿ ತೋಳೆತ್ತಿ, ಮತ್ತೆ ಕಣ್ಣು ತೆರೆದಾಗ ನಳಿಗೆಯು ಪಕ್ಕಕ್ಕೆ ಸರಿದಿದ್ದರೆ ತೋಳನ್ನಲ್ಲ, ಪಾದಗಳನ್ನು ತಿದ್ದಿಕೊಳ್ಳುತ್ತಾನೆ. ಬಿಡುವಿನ ಕೈಯನ್ನು ಜೇಬಿನಲ್ಲಿಯೋ ನಡುಪಟ್ಟಿಯಲ್ಲಿಯೋ ಸಿಕ್ಕಿಸಿ ಭುಜದ ತೂಗಾಟವನ್ನು ತಡೆಯುತ್ತಾನೆ. ದೃಷ್ಟಿ ನೆಲೆಸುವುದು ನಳಿಗೆಯ ತುದಿಯ ಗುರಿಮೊಳೆಯ ಮೇಲೆ. ದೂರದ ಕಪ್ಪು ವೃತ್ತವು ಮಸುಕಾಗಿಯೇ ಕಾಣಬೇಕು. ಅಗ್ನಿಪುರಾಣದ ಧನುರ್ವೇದ ಭಾಗವು ಬಾಣ ಹೂಡುವ ಮಾತಿಗೆ ಮುನ್ನ ಸಮಪದ, ವೈಶಾಖ, ಮಂಡಲ, ಆಲೀಢ, ಪ್ರತ್ಯಾಲೀಢವೆಂಬ ನಿಲುವುಗಳನ್ನು ವಿವರಿಸುವುದು ಇಲ್ಲಿ ನೆನಪಾಗುತ್ತದೆ. ಬಿಲ್ಲಿಗೆ ಎರಡು ಕೈ ಬೇಕು. ಆದರೂ ಶಾಸ್ತ್ರ ಹೊರಡುವುದು ಕಾಲಿನಿಂದಲೇ.

ಹಂಗೆರಿಯ ಕಾರೊಯ್ ಟಾಕಾಚ್ ಇದಕ್ಕೆ ಒಳ್ಳೆಯ ಸಾಕ್ಷಿ. 1938ರಲ್ಲಿ ಕೈಬಾಂಬು ಸಿಡಿದು ಬಲಗೈ ಊನವಾಗಲು, ಆತ ಎಡಗೈಯಲ್ಲಿ ಸಾಧನೆ ಮಾಡಿ 1948 ಮತ್ತು 1952ರ ಒಲಿಂಪಿಕ್ಸ್‌ಗಳಲ್ಲಿ 25 ಮೀಟರಿನ ಶೀಘ್ರಗುರಿಯ ಚಿನ್ನ ಗೆದ್ದನು.

ಕನ್ನಡನಾಡಿನಲ್ಲಿ ಈ ಪರಂಪರೆಯನ್ನು ಎತ್ತಿಹಿಡಿದವರಲ್ಲಿ ಬೆಂಗಳೂರಿನ ಪ್ರಕಾಶ್ ನಂಜಪ್ಪನವರು ಪ್ರಮುಖರು. 2013ರಲ್ಲಿ ಚಾಂಗ್ವಾನ್ ವಿಶ್ವಕಪ್ಪಿನ ಗಾಳಿಪಿಸ್ತೂಲಿನಲ್ಲಿ ಕಂಚು. ಅದೇ ವರ್ಷ ಮುಖದ ಪಾರ್ಶ್ವವಾಯು. 2014ರಲ್ಲಿ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ ಬೆಳ್ಳಿ. 2016ರಲ್ಲಿ ರಿಯೋ ಒಲಿಂಪಿಕ್ಸಿನ 50 ಮೀಟರಿನ ಸ್ಪರ್ಧೆಯಲ್ಲಿ ಅವರಿಗೆ ದೊರೆತುದು 25ನೆಯ ಸ್ಥಾನ. ಇತಿಹಾಸದ ದೃಷ್ಟಿಗೆ ಆ ಸಂಖ್ಯೆಗಿಂತ ಆ ದಿನವೇ ಮುಖ್ಯವೆಂದು ನನಗೆ ತೋರುತ್ತದೆ. 1936ರಿಂದ ಯಾವ ಒಲಿಂಪಿಕ್ಸಿನಲ್ಲಿಯೂ ತಪ್ಪದೆ ನಡೆದಿದ್ದ ಆ ಸ್ಪರ್ಧೆಯನ್ನು 2017ರಲ್ಲಿ ಪಟ್ಟಿಯಿಂದ ಕೈಬಿಡಲಾಯಿತು. ಅದರ ಕಡೆಯ ಸಾಲಿನಲ್ಲಿ ನಿಂತವರಲ್ಲಿ ಕನ್ನಡಿಗರೊಬ್ಬರಿದ್ದರು. 10 ಮತ್ತು 25 ಮೀಟರಿನ ಸ್ಪರ್ಧೆಗಳು ಅದೇ ಒಂಟಿಕೈಯ ನಿಯಮದೊಡನೆ ಮುಂದುವರಿದಿವೆ.