‘ಗೌರ್’ ಎಂಬ ಆಳದ ಮಾತು

ಬಂಗಾರಪೇಟೆ ಜಂಕ್ಷನ್ನಿನಲ್ಲಿ ಬೆಳಗಿನ ರೈಲು ತಡವಾದಾಗ ಸುಮ್ಮನೆ ಕಿವಿಗೊಟ್ಟು ನಿಂತರೆ ಒಂದೇ ಸಮಾಧಾನದ ಮಾತು ಎರಡು ಭಾಷೆಗಳಲ್ಲಿ ಕೇಳಿಸುತ್ತದೆ. ‘ಫಿಕರ್ ನಕ್ಕೊ ಕರೋ ಭಾಯ್’ ಎನ್ನುತ್ತಾರೆ ದಖ್ಖನಿಯವರು. ‘ಯೋಚನೆ ಮಾಡಬೇಡಿ ಸ್ವಾಮಿ’ ಎನ್ನುತ್ತಾರೆ ಕನ್ನಡದವರು. ಎರಡರ ತಾತ್ಪರ್ಯವೂ ಚಿಂತೆ ಬೇಡ ಎಂದೇ. ಆದರೆ ಪದಗಳನ್ನು ಹಿಡಿದು ನೋಡಿದರೆ ನಾವು ಒಬ್ಬರಿಗೊಬ್ಬರು ‘ವಿಚಾರ ಮಾಡಬೇಡ’ ಎಂದು ಬುದ್ಧಿ ಹೇಳಿಕೊಳ್ಳುತ್ತಿದ್ದೇವೆ!

ಅರಬ್ಬಿಯಲ್ಲಿ ‘ಫಿಕ್ರ್’ ಎಂದರೆ ಚಿಂತೆಯಲ್ಲ, ಚಿಂತನೆ. ಅದೇ ಧಾತುವಿನಿಂದ ಬಂದ ‘ತಫಕ್ಕುರ್’ ಪವಿತ್ರ ಕುರ್‌ಆನ್ ಮತ್ತೆ ಮತ್ತೆ ಬಯಸುವ ಗುಣ. ನಿಂತು, ಕುಳಿತು, ಮಲಗಿ ದೇವರನ್ನು ಸ್ಮರಿಸುತ್ತ ಆಕಾಶ ಭೂಮಿಗಳ ಸೃಷ್ಟಿಯ ಕುರಿತು ಆಲೋಚಿಸುವವರನ್ನು ಅದು ಬುದ್ಧಿವಂತರೆಂದು ಕರೆಯುತ್ತದೆ. ಇಮಾಮ್ ಗಝ್ಝಾಲಿಯವರು ತಮ್ಮ ‘ಇಹ್ಯಾ’ ಗ್ರಂಥದ ನಲವತ್ತು ಭಾಗಗಳಲ್ಲಿ ಒಂದನ್ನು ಇಡಿಯಾಗಿ ಈ ತಫಕ್ಕುರ್‌ಗೇ ಮೀಸಲಿಟ್ಟರು. ಅಂಥ ಪದ ನಮ್ಮ ಬೀದಿಗೆ ಬರುವಷ್ಟರಲ್ಲಿ ಮಗಳ ಮದುವೆ, ಮನೆ ಬಾಡಿಗೆ, ಅಂಗಡಿಯ ಸಾಲ ಇವುಗಳ ಹೆಸರಾಯಿತು. ಕನ್ನಡ ಅದನ್ನು ‘ಫಿಕೀರು’ ಮಾಡಿಕೊಂಡು ‘ಅವನಿಗೆ ಯಾವ ಫಿಕೀರೂ ಇಲ್ಲ’ ಎಂದು ಬೈಯಲು ಬಳಸಿತು. ಇದನ್ನು ‘ಫಕೀರ’ನೊಂದಿಗೆ ಗಂಟು ಹಾಕುವವರೂ ಇದ್ದಾರೆ. ಅದು ತಪ್ಪು, ಎರಡರ ಧಾತುಗಳೂ ಬೇರೆ.

ಕನ್ನಡದ ಕಥೆಯೂ ಇದಕ್ಕಿಂತ ಭಿನ್ನವಲ್ಲ. ಒಂದೇ ಸಂಸ್ಕೃತ ಧಾತುವಿನಿಂದ ಬಂದ ಎರಡು ಪದಗಳಲ್ಲಿ ‘ಚಿಂತನೆ’ ವೇದಿಕೆಯ ಭಾಷಣಕ್ಕೆ ಹೋಯಿತು, ‘ಚಿಂತೆ’ ಮನೆಯಲ್ಲೇ ಉಳಿಯಿತು. ಇನ್ನು ‘ಖಯಾಲ್’ ಎಂಬ ಗಂಭೀರ ಪದ ಕನ್ನಡದಲ್ಲಿ ‘ಖಯಾಲಿ’ಯಾಗಿ, ಪಾರಿವಾಳ ಸಾಕುವವರ ಮತ್ತು ಇಸ್ಪೀಟು ಆಡುವವರ ಸ್ವತ್ತಾಗಿದೆ.

ಹೀಗೆ ಸವೆಯದೆ ಉಳಿದ ಒಂದು ಪದ ಉರ್ದುವಿನಲ್ಲಿದೆ. ಅದು ‘ಗೌರ್’. ಕನ್ನಡ ಲಿಪಿಯಲ್ಲಿ ಬರೆದರೆ ಗೌರಿಯ ತಮ್ಮನಂತೆ ಕಾಣುತ್ತದೆ, ಏನು ಮಾಡುವುದು, ಅರಬ್ಬಿಯ ‘ಗೈನ್’ ಅಕ್ಷರ ನಮ್ಮ ವರ್ಣಮಾಲೆಯಲ್ಲಿಲ್ಲ. ಉರ್ದು ತರಗತಿಯಲ್ಲಿ ಮೇಷ್ಟ್ರು ‘ಗೌರ್ ಸೇ ಸುನೋ’ ಎನ್ನುತ್ತಿದ್ದರು, ಕನ್ನಡ ತರಗತಿಯಲ್ಲಿ ‘ಗಮನವಿಟ್ಟು ಕೇಳಿ’. ‘ಗಮನ’ ಎಂದರೆ ಹೋಗುವುದು. ಅಲ್ಲಿ ಮನಸ್ಸು ಮುಂದಕ್ಕೆ ಹೋಗುತ್ತದೆ. ‘ಗೌರ್’ನಲ್ಲಿ ಅದು ಕೆಳಕ್ಕೆ ಇಳಿಯುತ್ತದೆ.

ಏಕೆಂದರೆ ಅರಬ್ಬಿಯಲ್ಲಿ ಈ ಪದದ ಅರ್ಥವೇ ಆಳ, ತಗ್ಗು, ತಳ. ಜೋರ್ಡಾನ್ ನದಿಯ ತಗ್ಗು ಕಣಿವೆಗೆ ಅರಬ್ಬರು ‘ಅಲ್‌ಗೌರ್’ ಎಂದೇ ಕರೆಯುತ್ತಾರೆ. ಗುಹೆಗೆ ಹೇಳುವ ‘ಗಾರ್’ ಕೂಡ ಇದೇ ಧಾತುವಿನದು. ಪ್ರವಾದಿ ಮುಹಮ್ಮದ್(ಸ) ಅವರು ಮಕ್ಕಾದ ಗದ್ದಲ ಬಿಟ್ಟು ಏಕಾಂತಕ್ಕೆ ಹೋಗುತ್ತಿದ್ದುದು ‘ಗಾರೆ ಹಿರಾ’ಕ್ಕೆ. ಆಳ ಎಂಬ ಈ ಮೂಲಾರ್ಥಕ್ಕೆ ಆಳವಾದ ಆಲೋಚನೆ ಎಂಬ ಅರ್ಥವನ್ನು ಕೂಡಿಸಿದವರು ಪಾರ್ಸಿಯವರು. ಉರ್ದು ಅದನ್ನು ಅವರಿಂದಲೇ ಪಡೆಯಿತು. ನಾವೂ ‘ಆಳವಾಗಿ ಯೋಚಿಸು’ ಎನ್ನುತ್ತೇವಲ್ಲ! ತಮಿಳಿನಲ್ಲಿ ದೈವಭಕ್ತಿಯಲ್ಲಿ ಮುಳುಗಿದವರೇ ಆಳ್ವಾರರು ಎಂದು ವಿವರಿಸುವ ವಾಡಿಕೆಯಿದೆ.

ಈ ಮೂರು ಭಾಷೆಗಳೂ ಒಟ್ಟಿಗೆ ಬಾಳಿದ ಊರು ಬಂಗಾರಪೇಟೆಯಿಂದ ಕವಲು ರೈಲಿನ ದೂರದಲ್ಲಿದೆ. ಕೋಲಾರ ಚಿನ್ನದ ಗಣಿ, ಜನರ ಬಾಯಲ್ಲಿ ಕೆಜಿಎಫ್. 1880ರಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿಗೆ ಕಾಲಿಟ್ಟಿತು. ಚಾಂಪಿಯನ್ ರೀಫ್ ಗಣಿ ಕ್ರಮೇಣ 3.2 ಕಿ.ಮೀ. ಆಳಕ್ಕಿಳಿದು ಜಗತ್ತಿನ ಅತ್ಯಂತ ಆಳದ ಗಣಿಗಳಲ್ಲಿ ಒಂದಾಯಿತು. ಅಲ್ಲಿಗೆ ಇಳಿದವರಲ್ಲಿ ಬಹುಪಾಲು ಉತ್ತರ ಆರ್ಕಾಟ್ ಮತ್ತು ಚಿತ್ತೂರು ಕಡೆಯ ದಲಿತ ಕುಟುಂಬಗಳವರು, ತಮಿಳರೇ ಹೆಚ್ಚು. ಆ ಆಳದಲ್ಲಿ ಬಂಡೆಯ ಶಾಖ 60 ಡಿಗ್ರಿ ಸೆಲ್ಸಿಯಸ್ ಮೀರುತ್ತಿತ್ತು. ಮೇಲಿನ ಭಾರಕ್ಕೆ ಬಂಡೆ ಒಮ್ಮೆಲೇ ಸಿಡಿಯುತ್ತಿತ್ತು. ಗಣಿ ಕೆಲಸದವನು ಮೇಲ್ಛಾವಣಿಯನ್ನು ಕಬ್ಬಿಣದ ಸಲಾಕೆಯಿಂದ ತಟ್ಟಿ, ಬಂದ ಸದ್ದು ಗಟ್ಟಿಯೋ ಟೊಳ್ಳೋ ಎಂದು ಆಲಿಸುತ್ತಾನೆ. ‘ಗೌರ್ ಸೇ ಸುನೋ’ ಎಂಬುದು ಅಲ್ಲಿ ತರಗತಿಯ ಶಿಸ್ತಲ್ಲ. ತಪ್ಪಿ ಕೇಳಿದರೆ ಪ್ರಾಣ ಹೋಗುತ್ತದೆ. ಇಂಥ ಕೆಲಸಕ್ಕೆ ಆಲೋಚನೆ ಎಂಬ ಗೌರವವನ್ನು ನಮ್ಮ ಚಿಂತಕರು ಕೊಡಲಿಲ್ಲ.

ಆದರೆ ಅದೇ ಆಳಕ್ಕೆ ಬೇರೆ ಬಗೆಯ ಗೌರ್‌ಗಾಗಿ ಇಳಿದವರಿಗೆ ಆ ಗೌರವ ಸಿಕ್ಕಿತು. 1965ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್ಹಾಮ್ ವಿಶ್ವವಿದ್ಯಾಲಯಗಳ ವಿಜ್ಞಾನಿಗಳು ಚಾಂಪಿಯನ್ ರೀಫ್‌ನಲ್ಲಿ ಸುಮಾರು 2.3 ಕಿ.ಮೀ. ಕೆಳಗೆ ಉಪಕರಣಗಳನ್ನಿಟ್ಟು ಕಾದರು. ಆಕಾಶದಿಂದ ಬರುವ ಇತರ ಕಣಗಳೆಲ್ಲ ಬಂಡೆಯಲ್ಲಿ ಇಂಗಿಹೋಗಿ, ನ್ಯೂಟ್ರಿನೊ ಎಂಬ ಸೂಕ್ಷ್ಮ ಕಣದ ಸುಳಿವು ಮಾತ್ರ ಉಳಿಯಬೇಕಿತ್ತು. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಸುಳಿವು ಹಿಡಿದವರಲ್ಲಿ ಅವರೇ ಮೊದಲಿಗರ ಸಾಲಿನವರು. ಆಕಾಶವನ್ನು ಅರಿಯಲು ಪಾತಾಳಕ್ಕೆ ಇಳಿದರು. ಇದನ್ನು ತಫಕ್ಕುರ್ ಅಲ್ಲ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

2001ರ ಫೆಬ್ರವರಿ 28ರಂದು ಗಣಿಯ ಕೆಲಸ ನಿಂತಿತು. ಆಗ ‘ಗೌರ್’ ಮತ್ತೊಂದು ವೇಷದಲ್ಲಿ ಬಂತು. ಉರ್ದು ಪತ್ರಿಕೆಗಳ ಸರಕಾರಿ ಭಾಷೆಯಲ್ಲಿ ‘ಜೇರೆ ಗೌರ್’ ಎಂದರೆ ‘ಪರಿಶೀಲನೆಯಲ್ಲಿದೆ’. ಅಕ್ಷರಶಃ ‘ಆಲೋಚನೆಯ ಕೆಳಗೆ’. ಗಣಿ ಮತ್ತೆ ತೆರೆಯುವ ಪ್ರಶ್ನೆ, ಬಾಕಿಯ ಪ್ರಶ್ನೆ, ಲೈನ್ ಮನೆಗಳ ಹಕ್ಕಿನ ಪ್ರಶ್ನೆ ಎಲ್ಲವೂ ವರ್ಷಗಟ್ಟಲೆ ಈ ಆಳಕ್ಕೆ ಇಳಿದವು. ಚಾಂಪಿಯನ್ ರೀಫ್‌ಗೆ ಇಳಿದವರನ್ನು ಮೇಲಕ್ಕೆ ತರಲು ಕೇಜ್ ಇತ್ತು. ಕಡತಕ್ಕೆ ಇಳಿದದ್ದನ್ನು ಮೇಲೆತ್ತಲು ಅಂಥದ್ದೇನೂ ಇಲ್ಲ. ಗಣಿಯವರ ಮಕ್ಕಳು ಮಾರಿಕುಪ್ಪಂನಿಂದ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೊರಟರು. ಅವರಿಗೆ ಉಳಿದದ್ದು ಫಿಕರ್.

ಕುರ್‌ಆನ್‌ನಲ್ಲಿ ‘ಗೌರ್’ ಪದ ನೇರವಾಗಿ ಬರುವುದು ನೀರಿನ ವಿಷಯದಲ್ಲಿ. ಅಲ್‌ಕಹ್ಫ್ ಅಧ್ಯಾಯದ ತೋಟದ ದೃಷ್ಟಾಂತದಲ್ಲೂ ಅಲ್‌ಮುಲ್ಕ್‌ನ ಕೊನೆಯ ವಚನದಲ್ಲೂ ಅದು ನೆಲದಾಳಕ್ಕೆ ಇಳಿದುಹೋಗುವ ನೀರಿನ ಮಾತು. ಪಂಪುಗಳು ನಿಂತ ಮೇಲೆ ಕೆಜಿಎಫ್‌ನ ಸುರಂಗಗಳಲ್ಲಿ ನೀರು ತುಂಬಿಕೊಂಡಿತು. ಅದೇ ಜಿಲ್ಲೆಯಲ್ಲಿ, ಮೇಲೆ, ಜೀವನದಿಯೊಂದೂ ಇಲ್ಲದ ಊರುಗಳು ಸಾವಿರ ಅಡಿ ದಾಟಿ ಕೊಳವೆಬಾವಿ ಕೊರೆಸಿವೆ. ರಾತ್ರಿ ಮಲಗುವ ಮುನ್ನ ಅಲ್‌ಮುಲ್ಕ್ ಓದುವ ವಾಡಿಕೆ ನಮ್ಮ ಅನೇಕ ಮನೆಗಳಲ್ಲಿದೆ. ಓದಿ ಮುಗಿಸಿದ ಮೇಲೆ, ಇಲ್ಲಿಯ ಹೆಂಗಸರು ನಾಳೆ ಟ್ಯಾಂಕರ್ ಬರುತ್ತದೋ ಇಲ್ಲವೋ ಎಂದು ವಿಚಾರಿಸಿಕೊಂಡು ಮಲಗುತ್ತಾರೆ.