ಸಂತೆಗೆ ಸೂರು

ಮಾಲೂರಿನ ಹೆಸರು ಹೆಂಚು ಇಟ್ಟಿಗೆಗಳಿಂದಾಗಿ ಕೋಲಾರ ಸೀಮೆಯ ಆಚೆಗೂ ಹಬ್ಬಿದೆ. ಊರೂರಿನ ಮನೆಗಳಿಗೆ ಸೂರು ಒದಗಿಸಿದ ಈ ಪ್ರಾಂತದಲ್ಲಿ ಸಂತೆಗೆ ಮಾತ್ರ ಸೂರಿನ ಹಂಗಿಲ್ಲ. ಗೋಣಿಯ ಮೇಲೆ ಹುರುಳಿಕಾಯಿ, ಟೊಮೇಟೊ, ಸೊಪ್ಪು ಸುರಿದುಕೊಂಡು ಕುಳಿತವನಿಗೆ ತಿಂಗಳ ಬಾಡಿಗೆಯಿಲ್ಲ, ದೀಪದ ಖರ್ಚಿಲ್ಲ. ಅಂದಿನ ಸುಂಕ ತೆತ್ತರೆ ತೀರಿತು. ಹೊತ್ತು ಮುಳುಗುವುದರೊಳಗೆ ಸರಕು ಕರಗಬೇಕು, ಆದ್ದರಿಂದ ಸಂಜೆಯಾದಂತೆ ಬೆಲೆಯೂ ಇಳಿಯುತ್ತದೆ. ಕೊಳ್ಳುವಾಕೆಯಾದರೋ ಕಾಯಿ ಮುರಿದು ನೋಡಿ, ಚೌಕಾಸಿ ಮಾಡಿ, ತೂಕವಾದ ಮೇಲೆ ಒಂದು ಹಿಡಿ ಕೊಸರು ಹಾಕಿಸಿಕೊಂಡಲ್ಲದೆ ಏಳುವವಳಲ್ಲ.

ಅಗ್ಗದ ವ್ಯಾಪಾರದ ಗುಟ್ಟೆಲ್ಲ ಇಷ್ಟರಲ್ಲಿಯೇ ಇದೆ. ಈ ಸಂತೆಯನ್ನು ಪಟ್ಟಣಕ್ಕೆ ತಂದು, ಅದಕ್ಕೊಂದು ಸೂರು ಹೊದಿಸಿ, ದೇಶದ ಉದ್ದಗಲಕ್ಕೂ ನೂರಾರು ಕಡೆ ನಿಲ್ಲಿಸಿದ ವರ್ತಕರೊಬ್ಬರ ಏಳುಬೀಳು ನಮ್ಮ ಕಾಲದ ವಾಣಿಜ್ಯ ಚರಿತ್ರೆಯಲ್ಲಿ ಗಮನಿಸತಕ್ಕ ಅಧ್ಯಾಯ.

ಪಟ್ಟಣಿಗರಿಗೆ ಅಗ್ಗದ ಬೆಲೆಯ ದೊಡ್ಡ ಅಂಗಡಿ ಹೊಸದೇನಲ್ಲ. 1962ರ ಚೀನಾ ಯುದ್ಧದ ಸಮಯದಲ್ಲಿ ಬೆಲೆಗಳು ಕೈಮೀರದಂತೆ ಬಳಕೆದಾರರ ಸಹಕಾರ ಭಂಡಾರಗಳನ್ನು ಬೆಳೆಸಲು ಕೇಂದ್ರ ಸರ್ಕಾರವೇ ಯೋಜನೆ ಹಾಕಿತು. 1966ರ ಜೂನ್‌ನಲ್ಲಿ ರೂಪಾಯಿಯ ಅಪಮೌಲ್ಯವಾದಾಗ ಆ ಕೆಲಸಕ್ಕೆ ಇನ್ನಷ್ಟು ಬಿರುಸು ಬಂದು, ದೆಹಲಿಯಲ್ಲಿ ಸೂಪರ್ ಬಜಾರ್ ತೆರೆಯಿತು. ಬೆಂಗಳೂರಿನ ಕೆಂಪೇಗೌಡ ರಸ್ತೆಯ ಏಷಿಯಾಟಿಕ್ ಬಿಲ್ಡಿಂಗಿನಲ್ಲಿದ್ದ ಜನತಾ ಬಜಾರನ್ನು ಹಳಬರು ಮರೆತಿರಲಾರರು. ನ್ಯಾಯವಾದ ಬೆಲೆ ಅಲ್ಲಿತ್ತು. ಸಂತೆಯ ಸಡಗರ ಮಾತ್ರ ಇರಲಿಲ್ಲ.

ಆ ಸಡಗರವೇ ಬಂಡವಾಳವೆಂದು ಕಂಡುಕೊಂಡವರು ಮುಂಬಯಿಯ ಕಿಶೋರ್ ಬಿಯಾನಿ. ಬಟ್ಟೆ ವ್ಯಾಪಾರದ ಮಾರವಾಡಿ ಕುಟುಂಬದಲ್ಲಿ 1961ರಲ್ಲಿ ಹುಟ್ಟಿದ ಇವರು 1987ರಲ್ಲಿ ಪ್ಯಾಂಟು ತಯಾರಿಸುವ ಕಂಪೆನಿ ಕಟ್ಟಿದರು. 1997ರಲ್ಲಿ ಕಲ್ಕತ್ತೆಯಲ್ಲಿ 'ಪ್ಯಾಂಟಲೂನ್ಸ್' ಎಂಬ ದೊಡ್ಡ ಬಟ್ಟೆ ಅಂಗಡಿ ತೆರೆದರು. ಮದರಾಸಿನ ತ್ಯಾಗರಾಯನಗರದ ಸರವಣ ಸ್ಟೋರ್ಸಿನಲ್ಲಿ ಜನ ಮುಗಿಬಿದ್ದು ಕೊಳ್ಳುವುದನ್ನು ಕಂಡು ಅವರ ಮನಸ್ಸಿನಲ್ಲಿ 'ಬಿಗ್ ಬಜಾರ್' ರೂಪುಗೊಂಡಿತು. 2001ರಲ್ಲಿ ಕಲ್ಕತ್ತ, ಹೈದರಾಬಾದು, ಬೆಂಗಳೂರುಗಳಲ್ಲಿ 22 ದಿನಗಳೊಳಗೆ ಮೂರು ಮಳಿಗೆಗಳು ಎದ್ದವು. ಬೆಂಗಳೂರಿನದು ಕೋರಮಂಗಲದಲ್ಲಿ.

ಪರದೇಶದ ಮಾದರಿಯ ಅಚ್ಚುಕಟ್ಟಾದ, ಅಗಲವಾದ ಓಣಿಗಳಿರುವ ಅಂಗಡಿಯಲ್ಲಿ ನಮ್ಮ ಗಿರಾಕಿ ಸುಮ್ಮನೆ ನಡೆದು ಹೊರಟುಹೋಗುತ್ತಾನೆಂಬುದನ್ನು ಅವರು ಬೇಗ ಗುರುತಿಸಿದರು. ಬುದ್ಧಿಪೂರ್ವಕವಾಗಿ ಓಣಿಗಳನ್ನು ಇಕ್ಕಟ್ಟು ಮಾಡಿಸಿದರು. ಅಕ್ಕಿ, ಬೇಳೆಗಳನ್ನು ಪೊಟ್ಟಣದಲ್ಲಷ್ಟೇ ಇಡದೆ, ಕೈಯಾಡಿಸಿ ನೋಡುವಂತೆ ತೆರೆದಿಟ್ಟರು. ಗದ್ದಲ, ಕೂಗು, ರಾಶಿ—ಇವು ಅಂಗಡಿಯ ದೋಷಗಳಲ್ಲ, ಸರಕು ಅಗ್ಗವೆಂಬುದರ ಗುರುತುಗಳು ಎಂಬುದು ಅವರ ಎಣಿಕೆ. ಒಂದು ಕೊಂಡರೆ ಒಂದು ಉಚಿತವೆಂದಾಗ ಅದು ನಮ್ಮ ಹಳೆಯ ಕೊಸರೇ. ವಾರದ ಅಗ್ಗದ ದಿನವೆಂದು ಬುಧವಾರವನ್ನು ಸಾರಿದಾಗ ಅದು ಸಂತೆಯ ದಿನವೇ. ಹಳೆಯ ಬಟ್ಟೆ, ರದ್ದಿ ಕಾಗದಗಳನ್ನು ತೂಗಿ ಅದಕ್ಕೆ ಪ್ರತಿಯಾಗಿ ಕೂಪನ್ ಕೊಡುವ ಕ್ರಮವಂತೂ, ಹಳೆ ಸೀರೆಗೆ ಸ್ಟೀಲ್ ಪಾತ್ರೆ ಕೊಟ್ಟು ಹೋಗುವವಳ ಬುಟ್ಟಿಯಿಂದಲೇ ಎದ್ದು ಬಂದಂತಿತ್ತು! 2006ರ ಗಣರಾಜ್ಯ ದಿನದಂದು 'ಅತ್ಯಂತ ಅಗ್ಗದ ದಿನ'ವನ್ನು ಸಾರಿದಾಗ ನೆರೆದ ಜಂಗುಳಿಯನ್ನು ತಡೆಯಲು ಕೆಲವೆಡೆ ಬಾಗಿಲು ಹಾಕಬೇಕಾಯಿತು.

ಜನರನ್ನು ಅರಿಯುವುದರಲ್ಲಿ ಬಿಯಾನಿಯವರಿಗೆ ಸಾಟಿಯಿರಲಿಲ್ಲ ಎಂದೇ ನಮ್ಮ ಅಭಿಪ್ರಾಯ. ತೊಡಕಿದ್ದದ್ದು ಸೂರಿನಲ್ಲಿ. ಅಗ್ಗದ ಅಂಗಡಿಗೆ ಲಾಭ ತೆಳು. ಸರಕು ಬೇಗ ಬೇಗ ಹೊರಳಿದರೆ ಮಾತ್ರ ಉಳಿವು. ಕಪಾಟಿನಲ್ಲಿ ಸರಕು ನಿಂತರೂ ಬಾಡಿಗೆ ನಿಲ್ಲುವುದಿಲ್ಲ, ಬಡ್ಡಿಯಂತೂ ಭಾನುವಾರವೂ ಬೆಳೆಯುತ್ತದೆ. ಬಾಡಿಗೆ ಕಟ್ಟಡ, ಸಾಲದ ಹಣ, ಒಂದು ಮಳಿಗೆ ನೆಲೆಯೂರುವ ಮುನ್ನ ಇನ್ನೊಂದು; ಇದರ ನಡುವೆ ವಿಮೆ, ಪೀಠೋಪಕರಣ, ಸಿನಿಮಾ ಎಂದು ಹಲವು ಕವಲು. 2012ರಲ್ಲಿ ಸಾಲದ ಭಾರ ಇಳಿಸಲು ತಮ್ಮ ಚೊಚ್ಚಲ ಪ್ಯಾಂಟಲೂನ್ಸ್ ಅಂಗಡಿಗಳನ್ನೇ ಆದಿತ್ಯ ಬಿರ್ಲಾ ಸಮೂಹಕ್ಕೆ ಮಾರಬೇಕಾಯಿತು. ಅದೇ ಕಾಲದಲ್ಲಿ ಇದೇ ಕಸುಬಿನಲ್ಲಿದ್ದ ರಾಧಾಕಿಶನ್ ದಮಾನಿಯವರ ನಡೆ ಬೇರೆ. 2002ರಲ್ಲಿ ಮುಂಬಯಿಯ ಪೊವಾಯಿಯಲ್ಲಿ ಆರಂಭವಾದ ಅವರ ಡಿಮಾರ್ಟ್ ಹೆಚ್ಚಾಗಿ ಸ್ವಂತ ಕಟ್ಟಡಗಳಲ್ಲಿಯೇ ಕುಳಿತು, ಸರಕು ಕೊಟ್ಟವರಿಗೆ ಬೇಗ ಹಣ ಸಲ್ಲಿಸಿ, ಅದರಿಂದಲೇ ಕಡಿಮೆ ದರ ಪಡೆಯಿತು, ನಿಧಾನವಾಗಿ ಬೆಳೆಯಿತು.

2020ರ ಮಾರ್ಚಿಯಲ್ಲಿ ಕೋವಿಡ್ ಬಂದು ಬಾಗಿಲುಗಳು ಮುಚ್ಚಿದವು. ಜಂಗುಳಿಯನ್ನೇ ನಂಬಿದ ವ್ಯಾಪಾರಕ್ಕೆ ಅದಕ್ಕಿಂತ ದೊಡ್ಡ ಪೆಟ್ಟುಂಟೆ? ಆಗಸ್ಟಿನಲ್ಲಿ 24,713 ಕೋಟಿ ರೂಪಾಯಿಗೆ ವ್ಯವಹಾರವನ್ನು ರಿಲಯನ್ಸ್‌ಗೆ ಒಪ್ಪಿಸಲು ಮಾತಾಯಿತು. ಸಮೂಹದ ಒಂದು ಕಂಪೆನಿಯಲ್ಲಿ 2019ರಲ್ಲಿ ಪಾಲು ಕೊಂಡಿದ್ದ ಅಮೆಜಾನ್ ಇದು ಕರಾರಿಗೆ ವಿರುದ್ಧವೆಂದು ತಡೆಯೊಡ್ಡಿ, ವ್ಯಾಜ್ಯ ಸಿಂಗಪುರದ ಪಂಚಾಯಿತಿಯಿಂದ ನಮ್ಮ ಸುಪ್ರೀಂ ಕೋರ್ಟಿನವರೆಗೆ ಎಳೆದಾಡಿತು. ಈ ನಡುವೆ ಬಾಡಿಗೆ ಬಾಕಿ ಬೆಳೆಯುತ್ತ ಹೋಯಿತು. ಅನೇಕ ಮಳಿಗೆಗಳ ಗುತ್ತಿಗೆಯನ್ನು ಕಟ್ಟಡದ ಒಡೆಯರಿಂದ ರಿಲಯನ್ಸ್ ತನ್ನ ಹೆಸರಿಗೆ ಮಾಡಿಸಿಕೊಂಡು, ಒಳಗುತ್ತಿಗೆಗೆ ಕೊಟ್ಟಿತ್ತು. 2022ರ ಫೆಬ್ರವರಿಯಲ್ಲಿ ಬಾಕಿಯ ಕಾರಣ ಆ ಒಳಗುತ್ತಿಗೆಯನ್ನು ರದ್ದುಮಾಡಿ ಮಳಿಗೆಗಳನ್ನು ವಶಕ್ಕೆ ತೆಗೆದುಕೊಂಡಿತು. ಏಪ್ರಿಲ್‌ನಲ್ಲಿ ಸಾಲ ಕೊಟ್ಟ ಬ್ಯಾಂಕುಗಳು ಮಾರಾಟದ ಯೋಜನೆಯನ್ನು ತಳ್ಳಿಹಾಕಿದವು. ಜುಲೈನಲ್ಲಿ ಫ್ಯೂಚರ್ ರೀಟೇಲ್ ಕಂಪೆನಿ ದಿವಾಳಿ ನ್ಯಾಯಮಂಡಳಿಯ ಕಟ್ಟೆ ಏರಿತು. 2024ರಲ್ಲಿ ಅದನ್ನು ಮುಚ್ಚಿ ಆಸ್ತಿ ಮಾರಲು ಆಜ್ಞೆಯಾಯಿತು.

ಅಂಗಡಿಯ ನೌಕರರಿಗೆ ಹೊಸ ಒಡೆಯರು ಕೆಲಸ ಕೊಡಲು ಮುಂದೆ ಬಂದರು. ಬೇಳೆ, ಬಟ್ಟೆ, ಪಾತ್ರೆಗಳನ್ನು ಕಡವಾಗಿ ಒದಗಿಸಿದ್ದ ಸಣ್ಣ ತಯಾರಕರು ಮಾತ್ರ, ಬ್ಯಾಂಕುಗಳ ಹಿಂದಿನ ಸಾಲಿನಲ್ಲಿ ನಿಂತು ತಮ್ಮ ಬಾಕಿಯ ಲೆಕ್ಕ ಬರೆಸಬೇಕಾಯಿತು. ಮುಚ್ಚಿದ ಮಳಿಗೆಗಳಲ್ಲಿ ಹಲವು 'ಸ್ಮಾರ್ಟ್ ಬಜಾರ್' ಎಂಬ ಹೊಸ ಹಲಗೆ ತೂಗಿಸಿಕೊಂಡು ಮತ್ತೆ ತೆರೆದವು.