ಉಚಿತ ಪ್ರವೇಶದ ದಿನ ಹುಟ್ಟಿದ ಬಗೆ

ದೊಡ್ಡ ನಗರಗಳ ಕಲಾಸಂಗ್ರಹಾಲಯಗಳ ಬಾಗಿಲಲ್ಲಿ ಒಂದು ಪ್ರಕಟಣೆ ಕಾಣಸಿಗುತ್ತದೆ: ವಾರದಲ್ಲಿ ಇಂಥ ದಿನ, ಇಲ್ಲವೇ ತಿಂಗಳಲ್ಲಿ ಇಂಥ ಸಂಜೆ ಪ್ರವೇಶ ಉಚಿತ. ಅಂದು ಟಿಕೆಟ್ ಕಿಟಕಿಗೆ ಕೆಲಸವಿಲ್ಲ, ಬಾಗಿಲ ಮುಂದಿನ ಸಾಲು ಮಾತ್ರ ಉದ್ದ. ಸಾಲಿನಲ್ಲಿ ನಿಂತವರಿಗೆ ಇದು ಸಂಸ್ಥೆ ತೋರಿದ ಔದಾರ್ಯ ಎನಿಸುವುದು ಸಹಜ. ಆದರೆ ಆಧುನಿಕ ಕಲೆಗೆ ಮೀಸಲಾದ ಸಂಸ್ಥೆಗಳಲ್ಲಿ ಬಹು ಪ್ರಸಿದ್ಧವಾದ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ ಇಂಥ ದಿನ ಬಂದದ್ದು ಔದಾರ್ಯದಿಂದಲ್ಲ, ಒಂದು ಜಗಳದಿಂದ. ಆ ಜಗಳ ಆರಂಭಿಸಿದವರು ಪ್ರೇಕ್ಷಕರೂ ಅಲ್ಲ, ಸ್ವತಃ ಕಲಾವಿದರು.

ಕಲೆ ಎಲ್ಲರ ಸೊತ್ತು ಎಂಬ ಮಾತಿಗೆ ಅಷ್ಟು ಹೊತ್ತಿಗಾಗಲೇ ಪೂರ್ವ ಇತಿಹಾಸವಿತ್ತು. ಫ್ರಾನ್ಸಿನ ಕ್ರಾಂತಿಕಾರಿಗಳು ಅರಸರ ಲೂವ್ರ್ ಅರಮನೆಯನ್ನು 1793ರ ಆಗಸ್ಟ್ 10ರಂದು ಸಾರ್ವಜನಿಕ ಸಂಗ್ರಹಾಲಯವಾಗಿ ತೆರೆದಾಗ ಅದೇ ಮಾತು ಹೇಳಿದ್ದರು. ಕ್ರಾಂತಿಯ ಪಂಚಾಂಗದಲ್ಲಿ ವಾರಕ್ಕೆ ಹತ್ತು ದಿನ. ಅದರಲ್ಲಿ ಕೊನೆಯ ಮೂರು ದಿನ ಜನಸಾಮಾನ್ಯರಿಗೆ ಬಾಗಿಲು ತೆರೆದಿರುತ್ತಿತ್ತು. ಆದರೆ ಲೂವ್ರ್‌ನಲ್ಲಿದ್ದುದು ಅರಸರಿಂದ ರಾಷ್ಟ್ರಕ್ಕೆ ಬಂದ ಸಂಪತ್ತು. ನ್ಯೂಯಾರ್ಕಿನ ಕಥೆಯೇ ಬೇರೆ. ಅಲ್ಲಿನ ಆಧುನಿಕ ಕಲಾಸಂಗ್ರಹಾಲಯ 1929ರಲ್ಲಿ ಹುಟ್ಟಿದ್ದು ಶ್ರೀಮಂತರ ಆಸ್ಥೆಯಿಂದ. ಸ್ಥಾಪಕಿಯರಾದ ಮೂವರು ಮಹಿಳೆಯರಲ್ಲಿ ಅಬಿ ಆಲ್ಡ್ರಿಚ್ ರಾಕ್‌ಫೆಲರ್ ಒಬ್ಬರು. ಅವರ ಮನೆತನದವರು ಮುಂದೆಯೂ ಆಡಳಿತ ಮಂಡಳಿಯಲ್ಲಿ ಪ್ರಭಾವಶಾಲಿಗಳಾಗಿ ಉಳಿದರು. ಸಂಸ್ಥೆ ಖಾಸಗಿ, ಅದರ ಉದ್ದೇಶ ಸಾರ್ವಜನಿಕ. ಮುಂದಿನ ತಕರಾರಿನ ಬೀಜ ಈ ಇಬ್ಬಂದಿಯಲ್ಲೇ ಇತ್ತು.

1969ರ ಜನವರಿ 3. ಸಂಗ್ರಹಾಲಯದಲ್ಲಿ ಯಂತ್ರಯುಗದ ಕಲೆಯನ್ನು ಕುರಿತ ಪ್ರದರ್ಶನವೊಂದು ನಡೆದಿತ್ತು. ಅದರಲ್ಲಿ ತಾಕಿಸ್ ಎಂಬ ಗ್ರೀಕ್ ಶಿಲ್ಪಿಯ, ಅಯಸ್ಕಾಂತವನ್ನು ಬಳಸಿ ರಚಿಸಿದ 1960ರ ಕೃತಿಯೊಂದನ್ನು ಇಡಲಾಗಿತ್ತು. ಕೃತಿ ಸಂಗ್ರಹಾಲಯದ ಒಡೆತನದ್ದು. ಆದರೆ ಈ ಪ್ರದರ್ಶನದಲ್ಲಿ ಅದನ್ನಿಡಲು ತನ್ನ ಒಪ್ಪಿಗೆ ಇಲ್ಲ ಎಂಬುದು ಶಿಲ್ಪಿಯ ವಾದ. ಅಂದು ತಾಕಿಸ್ ಗೆಳೆಯರೊಡನೆ ಒಳಹೊಕ್ಕು, ತನ್ನ ಕೃತಿಯನ್ನು ತಾನೇ ತೆಗೆದುಕೊಂಡು ಹೋಗಿ ಸಂಗ್ರಹಾಲಯದ ಶಿಲ್ಪೋದ್ಯಾನದಲ್ಲಿ ಕುಳಿತುಬಿಟ್ಟರು. ಕೃತಿಯನ್ನು ಪ್ರದರ್ಶನದಿಂದ ಹಿಂತೆಗೆಯುವ ಭರವಸೆ ಸಿಕ್ಕ ಮೇಲೆಯೇ ಮೇಲೆದ್ದರು.

ಹಳೆಯ ಕಾಲದ ಕೃತಿಗಳನ್ನಷ್ಟೇ ಇಡುವ ಸಂಗ್ರಹಾಲಯಕ್ಕೆ ಇಂಥ ಸಂಕಟವಿಲ್ಲ. ರೆಂಬ್ರಾಂಟ್ ಎದ್ದು ಬಂದು ತನ್ನ ಚಿತ್ರ ಕೇಳುವುದಿಲ್ಲ. ಸಮಕಾಲೀನ ಕಲೆಯನ್ನು ಇಡುವವರು ಮಾತ್ರ ಜೀವಂತ ಕಲಾವಿದರಿಗೆ ಉತ್ತರ ಹೇಳಬೇಕಾಗುತ್ತದೆ. ಕೆಲವೇ ದಿನಗಳಲ್ಲಿ ಕಲಾವಿದರು, ವಿಮರ್ಶಕರು ಹಾಗೂ ಸಂಗ್ರಹಾಲಯದ ನೌಕರರಲ್ಲಿ ಕೆಲವರು ಸೇರಿ ‘ಆರ್ಟ್ ವರ್ಕರ್ಸ್ ಕೊಯಲಿಷನ್’ ಎಂಬ ಕೂಟ ಕಟ್ಟಿದರು. ಹೆಸರನ್ನು ಗಮನಿಸಬೇಕು. ಅವರು ತಮ್ಮನ್ನು ಕಲಾವಿದರೆಂದು ಕರೆದುಕೊಳ್ಳದೆ ಕಲಾಕಾರ್ಮಿಕರೆಂದು ಕರೆದುಕೊಂಡರು. ಶಿಲ್ಪಿ ಕಾರ್ಲ್ ಆಂಡ್ರೆ, ವಿಮರ್ಶಕಿ ಲೂಸಿ ಲಿಪ್ಪಾರ್ಡ್, ಹಾನ್ಸ್ ಹಾಕೆ, ಕಪ್ಪು ಜನಾಂಗದ ಕಲಾವಿದರಾದ ಟಾಮ್ ಲಾಯ್ಡ್ ಮತ್ತು ಫೇತ್ ರಿಂಗೋಲ್ಡ್ ಈ ಚಳವಳಿಯಲ್ಲಿ ಕಾಣಿಸಿಕೊಂಡವರಲ್ಲಿ ಪ್ರಮುಖರು.

ಜನವರಿ ಮುಗಿಯುವುದರೊಳಗೆ ಸಂಗ್ರಹಾಲಯದ ನಿರ್ದೇಶಕ ಬೇಟ್ಸ್ ಲೋರಿ ಅವರ ಕೈಗೆ 13 ಬೇಡಿಕೆಗಳ ಪಟ್ಟಿ ತಲುಪಿತು. ಪ್ರದರ್ಶನಕ್ಕಿಟ್ಟ ಕೃತಿಗೆ ಕಲಾವಿದರಿಗೆ ಬಾಡಿಗೆ ಸಲ್ಲಬೇಕು, ಕಪ್ಪು ಜನಾಂಗದ ಕಲಾವಿದರ ಕೃತಿಗಳಿಗೆ ಪ್ರತ್ಯೇಕ ವಿಭಾಗ ಬೇಕು, ಸಂಗ್ರಹಾಲಯದ ಚಟುವಟಿಕೆ ಕಪ್ಪು ಮತ್ತು ಸ್ಪ್ಯಾನಿಷ್ ಮಾತನಾಡುವ ಜನರ ಬಡಾವಣೆಗಳಿಗೂ ಹೋಗಬೇಕು ಎಂಬುವು ಅವುಗಳಲ್ಲಿ ಕೆಲವು. ಇವುಗಳ ನಡುವೆ ಒಂದು ಚಿಕ್ಕ ಬೇಡಿಕೆಯಿತ್ತು. ವಾರದಲ್ಲಿ ಎರಡು ದಿನ ಮಧ್ಯರಾತ್ರಿಯವರೆಗೆ ಬಾಗಿಲು ತೆರೆದಿರಬೇಕು ಮತ್ತು ಪ್ರವೇಶ ಎಲ್ಲ ಕಾಲದಲ್ಲೂ ಉಚಿತವಾಗಿರಬೇಕು.

ಈ ಎರಡನ್ನೂ ಒಂದೇ ಉಸಿರಿನಲ್ಲಿ ಕೇಳಿದ್ದರಲ್ಲಿ ಅರ್ಥವಿದೆ. ಹಗಲೆಲ್ಲ ದುಡಿಯುವವನಿಗೆ ಸಂಜೆ ಮುಚ್ಚುವ ಬಾಗಿಲು ಉಚಿತವಾದರೇನು, ಅಲ್ಲದಿದ್ದರೇನು? ಟಿಕೆಟ್ಟಿನ ಹಣದಷ್ಟೇ ಬಿಡುವೂ ಬೇಕು. ಸಂಗ್ರಹಾಲಯದಿಂದ ಜನರನ್ನು ದೂರವಿಡುವ ತಡೆ ಒಂದೇ ಅಲ್ಲವೆಂಬುದನ್ನು ಆ ಕಲಾವಿದರು ಸರಿಯಾಗಿಯೇ ಗುರುತಿಸಿದ್ದರು.

ಸಂಗ್ರಹಾಲಯದ ಪಕ್ಷದಲ್ಲೂ ನ್ಯಾಯವಿಲ್ಲದಿರಲಿಲ್ಲ. ಲಂಡನ್ನಿನ ರಾಷ್ಟ್ರೀಯ ಸಂಗ್ರಹಾಲಯಗಳಿಗೆ ಸರ್ಕಾರದ ಅನುದಾನವಿದೆ. ನ್ಯೂಯಾರ್ಕಿನ ಈ ಸಂಸ್ಥೆ ದಾನಿಗಳ ಹಣ, ಸದಸ್ಯರ ಚಂದಾ ಮತ್ತು ಟಿಕೆಟ್ ಮಾರಾಟವನ್ನು ನಂಬಿ ನಿಂತದ್ದು. ಕಾವಲುಗಾರರ ಸಂಬಳ, ಚಿತ್ರಗಳ ರಕ್ಷಣೆ, ದೀಪದ ಖರ್ಚು ಯಾವುದೂ ಆದರ್ಶದಿಂದ ಭರ್ತಿಯಾಗುವುದಿಲ್ಲ. ಆದರೆ ವಾಗ್ವಾದ ಹಣಕ್ಕಷ್ಟೇ ನಿಲ್ಲಲಿಲ್ಲ. 1969ರ ಏಪ್ರಿಲ್ 10ರಂದು ಕೂಟ ಬಹಿರಂಗ ಸಭೆ ನಡೆಸಿತು. ವಿಯೆಟ್ನಾಂ ಯುದ್ಧ ಅಮೆರಿಕವನ್ನು ಅಲುಗಿಸುತ್ತಿದ್ದ ಕಾಲವದು. ಮೈ ಲೈ ಗ್ರಾಮದ ಹತ್ಯಾಕಾಂಡವನ್ನು ಕುರಿತ ಭಿತ್ತಿಪತ್ರವೊಂದರ ಪ್ರಕಟಣೆಗೆ ಜೊತೆಯಾಗುವುದಾಗಿ ಹೇಳಿದ್ದ ಸಂಗ್ರಹಾಲಯ ಆಮೇಲೆ ಹಿಂದೆ ಸರಿಯಿತು. 1970ರ ಜನವರಿಯಲ್ಲಿ ಪ್ರತಿಭಟನಕಾರರು ಅದೇ ಭಿತ್ತಿಪತ್ರ ಹಿಡಿದು, ಆಗ ಅಲ್ಲೇ ಇದ್ದ ಪಿಕಾಸೊನ ‘ಗೆರ್ನಿಕಾ’ ಚಿತ್ರದೆದುರು ನಿಂತರು.

ಕಡೆಗೆ 1970ರಲ್ಲಿ ಸಂಗ್ರಹಾಲಯ ವಾರದಲ್ಲಿ ಒಂದು ದಿನ ಉಚಿತ ಪ್ರವೇಶವನ್ನು ಜಾರಿಗೆ ತಂದಿತು. ಕೇಳಿದ್ದು ಏಳೂ ದಿನ, ಸಿಕ್ಕಿದ್ದು ಒಂದು. ಇದನ್ನು ಸೋಲೆನ್ನಬೇಕೇ, ಗೆಲುವೆನ್ನಬೇಕೇ? ಕೂಟವಂತೂ 1971ರ ಕೊನೆಯ ಹೊತ್ತಿಗೆ ಚದುರಿಹೋಯಿತು. ಕೂಟ ಇಲ್ಲವಾದರೂ, ಉಚಿತ ದಿನವಿರಬೇಕೆಂಬ ರೂಢಿ ಉಳಿಯಿತು.

1970ರಲ್ಲೇ ಹಾನ್ಸ್ ಹಾಕೆ ಆ ಸಂಗ್ರಹಾಲಯದೊಳಗೇ ಒಂದು ಕೃತಿ ಮಾಡಿದರು. ಎರಡು ಪಾರದರ್ಶಕ ಮತಪೆಟ್ಟಿಗೆಗಳು. ಅವುಗಳ ಮೇಲೊಂದು ಪ್ರಶ್ನೆ. ರಾಜ್ಯಪಾಲ ನೆಲ್ಸನ್ ರಾಕ್‌ಫೆಲರ್, ಅಧ್ಯಕ್ಷ ನಿಕ್ಸನ್ನರ ಇಂಡೊಚೀನಾ ನೀತಿಯನ್ನು ಖಂಡಿಸದಿರುವುದು ನೀವು ಅವರಿಗೆ ಮತ ನೀಡದಿರಲು ಕಾರಣವಾದೀತೇ ಎಂದು. ನಮ್ಮ ರಾಜ್ಯಪಾಲರಂತಲ್ಲದೆ ಅಮೆರಿಕದ ರಾಜ್ಯಪಾಲರು ಚುನಾವಣೆಯಲ್ಲಿ ಗೆದ್ದು ಬರಬೇಕು. ನೆಲ್ಸನ್ ಆ ವರ್ಷ ಮತ್ತೆ ಕಣದಲ್ಲಿದ್ದರು. ಅವರು ಸಂಸ್ಥಾಪಕಿ ಅಬಿಯವರ ಮಗನೂ ಹೌದು. ‘ಹೌದು’ ಎಂದ ಮತಗಳು ‘ಇಲ್ಲ’ ಎಂದವುಗಳ ಸುಮಾರು ಎರಡರಷ್ಟಾದವು. ನಮ್ಮ ವಿಷಯಕ್ಕೆ ಮುಖ್ಯವಾದದ್ದು ಫಲಿತಾಂಶವಲ್ಲ, ಮತಚೀಟಿಯ ಬಣ್ಣ. ಪೂರ್ತಿ ಹಣ ಕೊಟ್ಟವರಿಗೆ ಒಂದು ಬಣ್ಣ, ಸದಸ್ಯರಿಗೆ ಇನ್ನೊಂದು, ಉಚಿತ ದಿನ ಬಂದವರಿಗೆ ಮತ್ತೊಂದು. ಕಲೆಯ ಎದುರು ಎಲ್ಲರೂ ಸಮಾನರು ಎನ್ನುವ ಕಟ್ಟಡದೊಳಕ್ಕೆ ಯಾರು ಯಾವ ದಾರಿಯಿಂದ ಬಂದರೆಂಬುದು ಪಾರದರ್ಶಕ ಪೆಟ್ಟಿಗೆಯಲ್ಲಿ ಎಲ್ಲರಿಗೂ ಕಾಣುವಂತಾಯಿತು.

ಮುಂದಿನ ದಶಕಗಳಲ್ಲಿ ಈ ಸಂಗ್ರಹಾಲಯದ ಟಿಕೆಟ್ ದರ ಏರುತ್ತಲೇ ಹೋಯಿತು. 2004ರಲ್ಲಿ ವಿಸ್ತರಿಸಿದ ಕಟ್ಟಡ ತೆರೆದಾಗ 12 ಡಾಲರಿನ ಟಿಕೆಟ್ 20 ಡಾಲರಾಯಿತು. 2011ರಲ್ಲಿ 25, 2023ರಲ್ಲಿ 30. ಮಕ್ಕಳಿಗೆ ಶುಲ್ಕವಿಲ್ಲವೆಂಬುದನ್ನೂ ಹೇಳಬೇಕು. ಉಚಿತ ಪ್ರವೇಶ ಶುಕ್ರವಾರದ ಸಂಜೆಯ ಕೆಲವು ಗಂಟೆಗಳಿಗೆ ಇಳಿಯಿತು. ಅದಕ್ಕೆ ಪ್ರಾಯೋಜಕ ಕಂಪನಿಯ ಹೆಸರು ಅಂಟಿಕೊಂಡಿತು: ಮೊದಲು ಟಾರ್ಗೆಟ್ ಎಂಬ ಅಂಗಡಿ ಸರಣಿಯದು, ಆಮೇಲೆ ಯೂನಿಕ್ಲೊ ಎಂಬ ಬಟ್ಟೆ ಕಂಪನಿಯದು. ಕೋವಿಡ್ ಹಾವಳಿಯ ನಂತರ ಈ ಸೌಲಭ್ಯ ನ್ಯೂಯಾರ್ಕ್ ರಾಜ್ಯದ ನಿವಾಸಿಗಳಿಗೆ ಸೀಮಿತವಾಯಿತು. ಹೀಗೆ ಹಕ್ಕೊತ್ತಾಯವಾಗಿ ಹುಟ್ಟಿದ್ದು ಕಂಪನಿಯೊಂದು ಕೊಡುವ ಕೊಡುಗೆಯಾಗಿ ಮಾರ್ಪಟ್ಟಿತು.

ಬ್ರಿಟನ್ ಬೇರೆ ದಾರಿ ಹಿಡಿಯಿತು. ಅಲ್ಲಿಯೂ 1974ರಲ್ಲಿ ರಾಷ್ಟ್ರೀಯ ಸಂಗ್ರಹಾಲಯಗಳಿಗೆ ಪ್ರವೇಶ ಶುಲ್ಕ ವಿಧಿಸಿ, ಕೆಲವೇ ತಿಂಗಳಲ್ಲಿ ಕೈಬಿಡಲಾಯಿತು. ಎಂಬತ್ತರ ದಶಕದಲ್ಲಿ ಕೆಲವು ಸಂಸ್ಥೆಗಳು ಮತ್ತೆ ಶುಲ್ಕ ತಂದವು. 2001ರ ಡಿಸೆಂಬರಿನಲ್ಲಿ ಸರ್ಕಾರದ ನೆರವಿನಿಂದ ಅವು ಪುನಃ ಉಚಿತವಾದವು. 2000ದಲ್ಲಿ ಆರಂಭವಾದ ಟೇಟ್ ಮಾಡರ್ನ್‌ನಲ್ಲಿ ವಿಶೇಷ ಪ್ರದರ್ಶನಗಳಿಗೆ ಮಾತ್ರ ಟಿಕೆಟ್; ಸ್ಥಾಯಿ ಸಂಗ್ರಹಕ್ಕಿಲ್ಲ. ಅಲ್ಲಿ ಹಣ ಕೊಡುವವರಿಲ್ಲವೆಂದಲ್ಲ. ಸಾರ್ವಜನಿಕರು ತೆರಿಗೆಯ ಮೂಲಕ ಮೊದಲೇ ಕೊಟ್ಟಿರುತ್ತಾರೆ, ಬಾಗಿಲಲ್ಲಿ ಮತ್ತೆ ಕೊಡಬೇಕಿಲ್ಲ, ಅಷ್ಟೇ. ಯಾವ ಸಂಗ್ರಹಾಲಯವೂ ಬಿಟ್ಟಿಯಾಗಿ ನಡೆಯದು. ಖರ್ಚನ್ನು ಯಾರು, ಎಲ್ಲಿ ಹೊರಬೇಕೆಂಬುದೇ ನಿಜವಾದ ಪ್ರಶ್ನೆ.

ಉಚಿತ ದಿನದ ಸಾಲಿನಲ್ಲಿ ನಿಲ್ಲುವವರಿಗೆ ಈ ಹಿನ್ನೆಲೆ ಗೊತ್ತಿರಬೇಕೆಂದೇನೂ ಇಲ್ಲ. ಗೊತ್ತಿಲ್ಲದೆಯೂ ಚಿತ್ರಗಳನ್ನು ಸವಿಯಬಹುದು. ಆದರೆ ಕೊಡುಗೆಯೆಂದು ಭಾವಿಸಿದ್ದನ್ನು ಕೊಟ್ಟವರು ಯಾವಾಗ ಬೇಕಾದರೂ ಹಿಂದಕ್ಕೆ ಪಡೆಯಬಹುದು, ಯಾರೂ ಪ್ರಶ್ನಿಸುವುದಿಲ್ಲ. ಕೇಳಿ ಪಡೆದದ್ದೆಂಬ ನೆನಪಿದ್ದರೆ, ಕಡಿಮೆಯಾದಾಗ ಮತ್ತೆ ಕೇಳುವವರು ಇರುತ್ತಾರೆ.